ಆರ್ಡೆಲ್‌ನ ಅರ್ಧ ಡಜನ್

ಆರ್ಡೆಲ್ ಹೈಸ್ಕೂಲಿನ ಎಮೆಟ್ ಸ್ವೊಬೋಡಾ ಚೆಂಡನ್ನು ಕಂಕುಳಲ್ಲಿ ಅಮುಕಿಕೊಂಡು ಹೊರಟನೆಂದರೆ ಅವನನ್ನು ಹಿಡಿದು ಕೆಡವುವುದು ಆ ಸೀಮೆಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಇದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ತಕರಾರು ಇದ್ದದ್ದು ಆ ಸೀಮೆಯ ಬಗ್ಗೆಯೇ.

ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ ಜನಕ್ಕಿಂತ ದನವೇ ಹೆಚ್ಚು. ಆರ್ಡೆಲ್ ಶಾಲೆಯ ಹುಡುಗರನ್ನೆಲ್ಲ ಒಂದೇ ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಕೂರಿಸಿಕೊಂಡು ಹೋಗಬಹುದಿತ್ತು. ಹನ್ನೊಂದು ಜನರ ತಂಡ ಕಟ್ಟುವ ಮಾತೇ ಇರಲಿಲ್ಲ; ಅಲ್ಲಿ ಆಡುತ್ತಿದ್ದುದು ಆರು ಜನರ ಅಮೆರಿಕನ್ ಫುಟ್‌ಬಾಲ್. ಸುತ್ತಲಿನ ಶಾಲೆಗಳ ಪಾಡೂ ಅಷ್ಟೇ. ಚೆಂಡು ತಮ್ಮ ಕೈಯಲ್ಲಿದ್ದಾಗ ಓಡುವವರೂ ಆ ಆರೇ ಜನ, ಎದುರಾಳಿಗಳ ಕೈಗೆ ಹೋದಾಗ ಅಡ್ಡಗಟ್ಟಿ ಕೆಡವುವವರೂ ಅದೇ ಆರು ಜನ. ಒಬ್ಬನಿಗೆ ಜ್ವರ ಬಂದರೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನ ತಲೆಗೇ ಹೆಲ್ಮೆಟ್ ಸಿಕ್ಕಿಸುತ್ತಿದ್ದರು. ತಂಡಕ್ಕೆ ಆಟ ಕಲಿಸುತ್ತಿದ್ದ ಹಾಗೆಮನ್ ಮೇಷ್ಟ್ರು ತರಗತಿಯಲ್ಲಿ ಚರಿತ್ರೆ ಮತ್ತು ವೆಲ್ಡಿಂಗ್ ಹೇಳಿಕೊಡುತ್ತಿದ್ದರು. ಬೇರೆ ಊರಿಗೆ ಆಡಲು ಹೋಗುವಾಗ ಶಾಲೆಯ ಹಳದಿ ಬಸ್ಸನ್ನು ಓಡಿಸುವವರೂ ಅವರೇ.

ಎಮೆಟ್‌ನ ಅಪ್ಪ ರಾಯ್ಸ್ ದನದ ಮೇವು ತರಲು ಗೇಲನ್‌ನ ಅಂಗಡಿಗೆ ಹೋದಾಗಲೆಲ್ಲ ಇದೇ ಮಾತು.

"ನಿನ್ ಮಗ ಓಡ್ತಾನೆ, ಇಲ್ಲ ಅನ್ನಲ್ಲ" ಎನ್ನುತ್ತಿದ್ದ ಗೇಲನ್. "ಆದ್ರೆ ಯಾರ ಎದುರು ಓಡಿದಾನೆ ಅಂತ ಕಾಲೇಜಿನೋರು ಕೇಳಲ್ವೇನೋ? ಹೋದ ವಾರ ಎದುರಿಗಿದ್ನಲ್ಲ, ಆ ಫ್ರಿಟ್ಜ್ ಮಗ, ಅವನಿಗೆ ಕನ್ನಡಕ ತೆಗೆದ್ರೆ ಚೆಂಡು ಯಾವ್ದು ಕುಂಬಳಕಾಯಿ ಯಾವ್ದು ಗೊತ್ತಾಗಲ್ಲ."

"ಕನ್ನಡಕ ಹಾಕ್ಕೊಂಡೋರ್ನೂ ದಾಟಿದಾನೆ ಕಣೋ."

"ಅವ್ನು ಕರೂನೂ ದಾಟ್ತಾನೆ, ಬೇಲೀನೂ ದಾಟ್ತಾನೆ. ದೊಡ್ಡೂರಲ್ಲಿ ಅದನ್ನ ಯಾರು ಲೆಕ್ಕಕ್ಕಿಡ್ತಾರೆ?"

ರಾಯ್ಸ್ ಮನೆಗೆ ಬಂದು ಮೇವಿನ ಚೀಲಗಳನ್ನು ಬೇಕಾದ್ದಕ್ಕಿಂತ ಜೋರಾಗಿ ನೆಲಕ್ಕೆಸೆಯುತ್ತಿದ್ದ. ಎಮೆಟ್‌ಗೆ ಅಪ್ಪ ಎಲ್ಲಿಂದ ಬಂದನೆಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಅವನಿಗೇನೂ ಗೇಲನ್ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೆ ಆ ಮಾತು ಸುಳ್ಳಾಗಿರಬೇಕಲ್ಲ? ಅವನ ಹೊಟ್ಟೆಯೊಳಗೂ ಅದೇ ಪ್ರಶ್ನೆ ಕೂತಿತ್ತು.

ಕೊನೆಗೂ ಆ ವರ್ಷದ ಅಕ್ಟೋಬರಿನಲ್ಲಿ ಪ್ರೇರಿ ಸ್ಟೇಟ್ ವಿಶ್ವವಿದ್ಯಾಲಯದಿಂದ ಒಬ್ಬರು ಬಂದರು. ಹೆಸರು ಟೀಗ್. ಅಲ್ಲಿನ ಓಟಗಾರರಿಗೆ ತರಬೇತಿ ಕೊಡುವ ಕೋಚ್. ಲೂಸಿಯಾನಾದ ಕಡೆಯವರು, ದಿಬ್ಬಗಳ ಮೇಲಿನ ಗಾಳಿಗೆ ಕೋಟಿನ ಕಾಲರ್ ಎತ್ತಿಕೊಂಡು, ಮೈದಾನದ ಬದಿಯಲ್ಲಿ ನಿಲ್ಲಿಸಿದ ಟ್ರಕ್ಕುಗಳ ಮರೆಯಲ್ಲಿ ನಿಂತಿದ್ದರು. ಎಮೆಟ್ ಅಂದು ಮೈಮೇಲೆ ಏನೋ ಬಂದವನಂತೆ ಓಡಿದ. ಅದೇ ಎಡವಟ್ಟಾದದ್ದು. ಆರು ಜನರ ಆಟದಲ್ಲಿ ಒಂದು ನಿಯಮವಿದೆ: ಅರ್ಧ ಆಟವಾದ ಮೇಲೆ ಒಂದು ತಂಡ ನಲವತ್ತೈದು ಅಂಕ ಮುಂದಿದ್ದರೆ, ಪಾಪ, ಸಾಕು ಬಿಡಿ ಎಂದು ಆಟ ನಿಲ್ಲಿಸಿಬಿಡುತ್ತಾರೆ. ವಿರಾಮದಲ್ಲಿ ಟೀಗ್ ಕಾಫಿ ತರಲು ಹೋದರು. ಲೋಟ ಹಿಡಿದು ಬರುವಷ್ಟರಲ್ಲಿ ಹುಡುಗರು ಕೈಕುಲುಕಿ ಮೈದಾನದಿಂದ ಹೊರಬರುತ್ತಿದ್ದರು.

"ಏನಾಯ್ತು? ಮಳೆ ಬಂತಾ?"

"ಗೆದ್ವಿ" ಎಂದರು ಹಾಗೆಮನ್ ಮೇಷ್ಟ್ರು.

"ನಾನು ಐದು ತಾಸು ಗಾಡಿ ಓಡಿಸ್ಕೊಂಡು ಬಂದಿದ್ದೀನಿ ಸ್ವಾಮಿ!"

ಎಮೆಟ್‌ನ ಅಜ್ಜಿ ಲಿಡಿಯಾ ಟೀಗ್‌ರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮನೆಗೆ ಎಳೆದುಕೊಂಡು ಹೋಗಿ, ಗಸಗಸೆ ಹೂರಣ ತುಂಬಿದ ಕೊಲಾಚಿ ಬನ್ನುಗಳ ತಟ್ಟೆಯನ್ನು ಮುಂದಿಟ್ಟಳು. ಟೀಗ್ ಮೂರನೆಯದನ್ನು ಕೈಗೆತ್ತಿಕೊಂಡು ಎಮೆಟ್‌ನನ್ನು ನೋಡಿದರು.

"ನೋಡಪ್ಪಾ, ಮುಚ್ಚಿಡಲ್ಲ. ನಿನ್ನ ಕಾಲು ಚೆನ್ನಾಗಿದೆ. ಆದ್ರೆ ಕೊನೇ ಕ್ವಾರ್ಟರ್‌ನಲ್ಲಿ, ಆಟದ ಕೊನೇ ಕಾಲುಭಾಗದಲ್ಲಿ, ನೀನು ಹೇಗೆ ಓಡ್ತೀಯ ಅಂತ ನಂಗೊತ್ತಿಲ್ಲ. ನಿಂಗಾದ್ರೂ ಗೊತ್ತಾ? ಆ ಹೊತ್ತಿಗೆ ನೀನು ಯಾವಾಗ್ಲೂ ಸ್ನಾನ ಮಾಡ್ತಿರ್ತೀಯ. ಇನ್ನೊಂದು, ಇಲ್ಲಿ ನೀನು ಬಯಲಲ್ಲಿ ಓಡ್ತೀಯ. ನಮ್ಮಲ್ಲಿ ಬಯಲೇ ಇಲ್ಲ. ಇಪ್ಪತ್ತೆರಡು ಜನ, ಎಲ್ಲಾ ಬೀರು ಥರ ಇದ್ದಾರೆ. ವಿದ್ಯಾರ್ಥಿವೇತನ ಕೊಡೋಕಾಗಲ್ಲ. ಬರೋದಾದ್ರೆ ಬಾ, ತಂಡದ ಜೊತೆ ನಿಂತ್ಕೊ."

"ನಿಂತ್ಕೊಳೋಕೆ ಅವನೇನು ಬೇಲಿ ಗೂಟಾನಾ?" ಎಂದ ರಾಯ್ಸ್.

"ನೀನ್ ಸುಮ್ನಿರು" ಎಂದಳು ಲಿಡಿಯಾ. "ಏನೋ ಎಮೆಟ್, ನೀನೇನಂತೀಯ?"

ಎಮೆಟ್ ಅಪ್ಪನ ಕಡೆ ನೋಡಲಿಲ್ಲ. "ಬರ್ತೀನಿ ಸರ್" ಎಂದಷ್ಟೇ ಹೇಳಿದ.

*

ಪ್ರೇರಿ ಸ್ಟೇಟ್‌ನಲ್ಲಿ ಮೊದಲ ದಿನದ ಅಭ್ಯಾಸದಲ್ಲೇ ಅವನಿಗೊಂದು ಹೆಸರು ಬಿತ್ತು.

"ನಿಮ್ ಶಾಲೇಲಿ ಎಷ್ಟ್ ಜನ ಆಡ್ತಿದ್ರಿ?" ಎಂದು ಯಾರೋ ಕೇಳಿದರು.

"ಆರು."

"ಆರಾ? ಮಿಕ್ಕಿದ ಐದು ಜಾಗದಲ್ಲಿ ಹಸು ನಿಲ್ಲಿಸ್ತಿದ್ರಾ?"

ಬಟ್ಟೆ ಬದಲಿಸುವ ಕೋಣೆ ತುಂಬ "ಅಂಬಾ" ಎಂಬ ಕೂಗು. ಅಂದಿನಿಂದ ಅವನು ಅರ್ಧ ಡಜನ್. ಟೀಗ್ ಕೂಡ ಹಾಗೆಯೇ ಕರೆಯತೊಡಗಿದರು. "ಅರ್ಧ ಡಜನ್, ಚೆಂಡು ತಗೋ!"

ತಗೊಂಡ. ಆರ್ಡೆಲ್‌ನಲ್ಲಿ ಮಾಡುತ್ತಿದ್ದಂತೆ, ಮಧ್ಯದ ನೂಕುನುಗ್ಗಲನ್ನು ಬಿಟ್ಟು ಹೊರಗಿನ ಅಂಚಿನ ಕಡೆಗೆ ಬಾಣದಂತೆ ಹೊರಟ. ಅಲ್ಲಿ ಯಾರೂ ಇರುವುದಿಲ್ಲ, ಅಂಚು ಹಿಡಿದರೆ ಮುಂದೆ ದಾರಿ ಖಾಲಿ ಎಂದು ಅವನ ಕಾಲುಗಳಿಗೆ ಗೊತ್ತಿತ್ತು. ಆದರೆ ಇಲ್ಲಿ ಅಂಚಿನಲ್ಲಿ ಒಬ್ಬ ಲೈನ್‌ಬ್ಯಾಕರ್ ನಿಂತಿದ್ದ. ಮುಂದಿನ ಸಾಲಿನ ದೈತ್ಯರ ಬೆನ್ನಿಗೆ ನಿಂತು, ಓಟಗಾರ ಎಲ್ಲಿ ತಲೆ ಹಾಕುತ್ತಾನೆಂದು ಕಾಯುವುದೇ ಅವನ ಕೆಲಸ. ಫ್ರಿಟ್ಜ್‌ನ ಮಗನ ಎರಡರಷ್ಟು ತೂಕ, ಎಮೆಟ್‌ನಷ್ಟೇ ವೇಗ. ಎಮೆಟ್ ಕಣ್ಣು ಬಿಟ್ಟಾಗ ಆಕಾಶ ಕಾಣುತ್ತಿತ್ತು. ಹೆಲ್ಮೆಟ್ಟಿನ ಜಾಲರಿಯಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು.

"ಮೇಯ್ತಿದ್ದೀಯಾ?" ಎಂದು ಕೇಳಿದ ಆ ಲೈನ್‌ಬ್ಯಾಕರ್, ಕೈಕೊಟ್ಟು ಎಬ್ಬಿಸುತ್ತ.

ಮೊದಲ ವರ್ಷ ಹೀಗೆಯೇ ಕಳೆಯಿತು. ಪ್ರತಿ ವಾರ ಮುಂದಿನ ಎದುರಾಳಿ ತಂಡದ ಓಟಗಾರನ ವೇಷ ಹಾಕಿ, ತನ್ನದೇ ತಂಡದವರಿಂದ ಹೊಡೆಸಿಕೊಳ್ಳುವುದು ಅವನ ಪಾಲಿನ ಕೆಲಸ. ಶನಿವಾರ ನಿಜವಾದ ಪಂದ್ಯದ ದಿನ ಒಗೆದ ಅಂಗಿ ತೊಟ್ಟು, ಒಗೆದ ಹಾಗೆಯೇ ಅದನ್ನು ಕಳಚುತ್ತಿದ್ದ. ತಂಡದ ಮುಖ್ಯ ಓಟಗಾರ ಪ್ರೆಸ್ಟನ್ ಕೀಲ್. ಎಮೆಟ್‌ನ ವರ್ಷದವನೇ, ಡಲ್ಲಾಸ್ ಪಕ್ಕದ ಊರಿನವನು. ಅವನ ಹೈಸ್ಕೂಲಿನ ಕ್ರೀಡಾಂಗಣದಲ್ಲಿ ಇಡೀ ಆರ್ಡೆಲ್ ಜಿಲ್ಲೆಯನ್ನು ಕೂರಿಸಿದರೂ ಇನ್ನೂ ಕುರ್ಚಿ ಉಳಿಯುತ್ತಿದ್ದವು. ಸೊಕ್ಕಿನವನೇನಲ್ಲ. ಅವನು ಅಷ್ಟು ಚೆನ್ನಾಗಿ ಆಡುತ್ತಿದ್ದುದರಿಂದ ಎಮೆಟ್‌ಗೆ ಅವನನ್ನು ದ್ವೇಷಿಸಲೂ ಆಗಲಿಲ್ಲ.

ಆದರೂ ಆರ್ಡೆಲ್ ಜನ ಬರುವುದು ಬಿಡಲಿಲ್ಲ. ಪಂದ್ಯ ಪ್ರೇರಿ ಸ್ಟೇಟ್‌ನಲ್ಲೇ ಇದ್ದಾಗಲೆಲ್ಲ ಹಾಗೆಮನ್ ಮೇಷ್ಟ್ರು ಬಸ್ಸು ತುಂಬಿಕೊಂಡು ಬರುತ್ತಿದ್ದರು. ಪಂದ್ಯಕ್ಕೆ ಮುಂಚೆ ಎಮೆಟ್ ಮೈ ಬಿಸಿಮಾಡಿಕೊಳ್ಳಲು ನಾಲ್ಕು ಸುತ್ತು ಓಡುತ್ತಿದ್ದನಲ್ಲ, ಅದನ್ನೇ ಎದ್ದು ನಿಂತು ಚಪ್ಪಾಳೆ ತಟ್ಟಿ ನೋಡುತ್ತಿದ್ದರು. "ಎಲ್ಲರಿಗಿಂತ ಮುಂದೆ ಓಡಿದ" ಎಂದು ಲಿಡಿಯಾ ಪಕ್ಕದ ಅಪರಿಚಿತರಿಗೆ ಹೇಳುತ್ತಿದ್ದಳು. ಎಮೆಟ್‌ಗೆ ನಾಚಿಕೆಯೂ ಆಗುತ್ತಿತ್ತು, ಆ ಹಳದಿ ಬಸ್ಸು ಕಾಣದಿದ್ದರೆ ಏನೋ ಕಳೆದುಕೊಂಡಂತೆಯೂ ಆಗುತ್ತಿತ್ತು.

ಅವನ ಕೋಣೆಯಲ್ಲಿ ಜೊತೆಗಿದ್ದವನು ಸಿಯೋನೆ ತಾವುಫಾ. ಯೂಟಾದಿಂದ ಬಂದ ಟೊಂಗಾ ಮನೆತನದ ಹುಡುಗ. ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಳ್ಳಿ ಓಟಗಾರನಿಗೆ ದಾರಿ ಮಾಡಿಕೊಡುವುದು ಅವನ ಕೆಲಸ. ಬಾಗಿಲಲ್ಲಿ ನಿಂತನೆಂದರೆ ಕೋಣೆಗೆ ಬೆಳಕು ಬರುತ್ತಿರಲಿಲ್ಲ. ಎಮೆಟ್ ಚಿಲಿ ಸಾರಿಗೆ ದಾಲ್ಚಿನ್ನಿ ಹಾಕಿದ ಸಿಹಿ ರೋಲ್ ಅದ್ದಿ ತಿನ್ನುವುದನ್ನು ಮೊದಲ ಸಲ ಕಂಡಾಗ ಸಿಯೋನೆಗೆ ಅಳುವೇ ಬಂದಿತ್ತು. "ನಿಮ್ಮೂರಲ್ಲಿ ನಿಮಗೆ ಊಟ ಮಾಡೋದನ್ನ ಯಾರೂ ಹೇಳಿಕೊಡ್ಲಿಲ್ವಾ?"

"ನೆಬ್ರಾಸ್ಕಾದಲ್ಲಿ ಪ್ರತಿ ಶಾಲೇಲೂ ಹೀಗೇ ತಿನ್ನೋದು. ಒಂದ್ಸಲ ತಿಂದು ನೋಡು."

"ನಮ್ಮಮ್ಮನಿಗೆ ಗೊತ್ತಾದ್ರೆ ಚರ್ಚಿಗೆ ಕರ್ಕೊಂಡ್ ಹೋಗ್ತಾಳೆ."

ಎರಡನೇ ವರ್ಷದ ಶುರುವಿನ ಒಂದು ಮಧ್ಯಾಹ್ನ. ಊಟದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಮೆಟ್ ತಟ್ಟೆ ಹಿಡಿದು, ಗುಂಪಿನ ಹೊರಬದಿಯಿಂದ ನುಸುಳಿ ಕಿಟಕಿಯ ಪಕ್ಕದ ಮೇಜು ತಲುಪುವ ಅಂದಾಜು ಹಾಕಿದ. ಅರ್ಧ ದಾರಿಯಲ್ಲಿ ಯಾರದೋ ಮೊಣಕೈ ತಗುಲಿ ಸಾರು ಅಂಗಿಯ ಮೇಲೆ ಬಿತ್ತು. ಹಿಂದೆ ಸರಿದರೆ ಕುರ್ಚಿ, ಮುಂದೆ ಹೋದರೆ ಗೋಡೆ. ಅಷ್ಟರಲ್ಲಿ ಸಿಯೋನೆ ನಾಲ್ಕು ತಟ್ಟೆ ಹೊತ್ತು, ಒಂದು ತೊಟ್ಟೂ ಚೆಲ್ಲದೆ, ಗುಂಪಿನ ನಟ್ಟನಡುವಿನಿಂದ ಹೋಗಿ ಅದೇ ಮೇಜಿನಲ್ಲಿ ಕೂತಿದ್ದ.

"ಅಲ್ವೋ, ನೀನು ಊಟಕ್ಕೂ ಹೊರಗಡೆಯಿಂದಾನೇ ಓಡ್ತೀಯಲ್ಲೋ!" ಎಂದು ನಕ್ಕವನು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದ. "ತಡಿ. ಎದ್ದೇಳು. ಬಾ ಇಲ್ಲಿ."

ಎಮೆಟ್‌ನನ್ನು ಮತ್ತೆ ಬಾಗಿಲ ಹತ್ತಿರ ಕರೆದೊಯ್ದ.

"ನನ್ನ ಬೆನ್ನ ಮೇಲೆ ಕೈಯಿಡು. ತಳ್ಳಬೇಡ, ಸುಮ್ನೆ ಇಟ್ಕೊಂಡಿರು. ನಾನು ಬಲಕ್ಕೆ ವಾಲಿದ ಕೂಡ್ಲೇ ಓಡಿಬಿಡಬೇಡ. ಜನ ನನ್ನ ನೋಡ್ತಾರೆ, ನೋಡಿ ಒಂದ್ಕಡೆ ಸರೀತಾರೆ. ಎಲ್ಲಿ ಸರೀತಾರೆ ಅಂತ ನಂಗೂ ಗೊತ್ತಿಲ್ಲ ಗುರೂ. ಅದನ್ನ ನೋಡೋದು ನಿನ್ ಕೆಲಸ. ನೋಡು, ಆಮೇಲೆ ಹೋಗು."

ಇಬ್ಬರೂ ಹೊರಟರು. ಸಿಯೋನೆ ಹಡಗಿನಂತೆ ಮುಂದೆ, ಎಮೆಟ್ ಹಿಂದೆ. ಮೊದಲ ಸಲ ಅವಸರ ಮಾಡಿ ಒಬ್ಬ ಹುಡುಗಿಯ ಕಾಲು ತುಳಿದ. "ಕಣ್ಣಿಲ್ವಾ?" ಎಂದು ಬೈಸಿಕೊಂಡ. ಎರಡನೇ ಸಲ ಉಸಿರು ಬಿಗಿಹಿಡಿದು ಕಾದ. ಸಿಯೋನೆ ಬಲಕ್ಕೆ ವಾಲಿದ. ಎದುರಿಗಿದ್ದ ಮೂವರು ಎಡಕ್ಕೆ ಸರಿದರು. ಅವರಿಗೆ ಜಾಗ ಬಿಡಲು ನಾಲ್ಕನೆಯವನು ಹಿಂದಕ್ಕೆ ಹೆಜ್ಜೆಯಿಟ್ಟ. ಆ ಕ್ಷಣಕ್ಕೆ, ಯಾರೂ ಯೋಚಿಸದ ಕಡೆ, ಒಂದು ಬಾಗಿಲಿನಷ್ಟು ದಾರಿ ತೆರೆಯಿತು. ಎಮೆಟ್ ಅದರೊಳಗಿಂದ ಹಾಯ್ದು ಕಿಟಕಿಯ ಮೇಜು ಮುಟ್ಟಿದ.

ಅವನಿಗೆ ನಗು ಬಂತು. ಇದು ಅವನಿಗೆ ಗೊತ್ತಿದ್ದದ್ದೇ! ಅಪ್ಪನ ಜೊತೆ ದೊಡ್ಡಿಯಲ್ಲಿ ದನ ಬೇರ್ಪಡಿಸುವಾಗ ಹಿಂಡಿನ ಮೇಲೆ ನುಗ್ಗಿದರೆ ಎಲ್ಲ ಚೆಲ್ಲಾಪಿಲ್ಲಿ. ಸುಮ್ಮನೆ ನಿಂತು, ಅರ್ಧ ಹೆಜ್ಜೆ ಹಾಕಿ ಕಾದರೆ ಹಿಂಡು ತಾನಾಗಿ ಬಿರಿದು ಬೇಕಾದ ಕರು ಕಣ್ಣೆದುರು ಬರುತ್ತದೆ. ದನದ ನಡುವೆ ಅಷ್ಟು ತಾಳ್ಮೆಯಿದ್ದವನು ಜನದ ನಡುವೆ ಯಾಕೆ ಕಾಲಿಗೆ ಬುದ್ಧಿ ಹೇಳುತ್ತಿದ್ದೆ ಎಂದು ತನ್ನನ್ನೇ ಬೈದುಕೊಂಡ.

"ಇನ್ನೊಂದ್ಸಲ" ಎಂದ.

"ಊಟ ಆರೋಗುತ್ತೆ ಕಣೋ!"

"ಇನ್ನೊಂದೇ ಸಲ."

ಆ ವಾರವೆಲ್ಲ ಊಟದ ಹಾಲಿನಲ್ಲಿ ಇವರಿಬ್ಬರ ಮೆರವಣಿಗೆ. ನೋಡುವವರಿಗೆ ತಮಾಷೆ. ಆದರೆ ಅಭ್ಯಾಸದಲ್ಲಿ ಅರ್ಧ ಡಜನ್ ಬೀಳುವುದು ಕಡಿಮೆಯಾಗುತ್ತ ಬಂತು. ಒಮ್ಮೆ, ಅವನು ಕಾದು ನಿಂತು ನಟ್ಟನಡುವಿನ ಸಂದಿಯಿಂದ ಹೊರಬಿದ್ದಾಗ, ಟೀಗ್ ಬಾಯಲ್ಲಿದ್ದ ಸೀಟಿಯನ್ನು ಊದುವುದನ್ನೇ ಮರೆತರು.

*

ಅಕ್ಟೋಬರ್ ಕೊನೆಯ ಶನಿವಾರ ಟೆಕ್ಸಸ್‌ನಿಂದ ಒಂದು ಬಲವಾದ ತಂಡ ಆಡಲು ಬಂತು. ಆರ್ಡೆಲ್‌ನಲ್ಲಿ ಅಂದು ಕರುಗಳನ್ನು ಲಾರಿಗೆ ತುಂಬಿಸುವ ದಿನವಾದ್ದರಿಂದ ಬಸ್ಸು ಹೊರಡುವುದೇ ತಡವಾಗಿತ್ತು. ಮೈ ಬಿಸಿಮಾಡಿಕೊಳ್ಳುವ ಓಟಕ್ಕೆ ಚಪ್ಪಾಳೆಯಿಲ್ಲದೆ ಎಮೆಟ್‌ಗೆ ಬಿಕೋ ಎನ್ನಿಸಿತು.

ಎರಡನೇ ಓಟಗಾರ ಫ್ಲೂ ಹಿಡಿದು ಕೋಣೆಯಲ್ಲಿ ಮಲಗಿದ್ದ. ವಿರಾಮವಾಗಿ ಆಟ ಮತ್ತೆ ಶುರುವಾದ ಹೊಸದರಲ್ಲೇ ಪ್ರೆಸ್ಟನ್ ಕಾಲು ಮಡಿಸಿಕೊಂಡು ಬಿದ್ದ. ಅವನ ಪಾದ ನೋಡನೋಡುತ್ತಲೇ ಊದಿಕೊಂಡಿತು. ಟೀಗ್ ಬೆಂಚಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಆ ಕಣ್ಣು ಕೊನೆಯವರೆಗೂ ಬಂದು, ಮುಂದೆ ಹೋಗಲು ಜಾಗವಿಲ್ಲದೆ ನಿಂತಿತು.

"ಸ್ವೊಬೋಡಾ!"

ಎಮೆಟ್ ಹಿಂದೆ ತಿರುಗಿ ನೋಡಿದ. ಆ ಹೆಸರಿನಿಂದ ಅಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ.

"ನಿನ್ನೇ ಕಣೋ! ಏನ್ ಹುಡುಕ್ತಿದ್ದೀಯ?"

"ಹೆಲ್ಮೆಟ್ ಕೋಚ್."

"ತಲೆ ಮೇಲಿದೆ!"

ಆಗ ಪ್ರೇರಿ ಸ್ಟೇಟ್ ಹದಿನೆಂಟು, ಟೆಕ್ಸಸ್‌ನವರು ಇಪ್ಪತ್ತು. ಮೊದಲ ಸಲ ಚೆಂಡು ಕೈಗೆ ಬಂದಾಗ ಎಮೆಟ್ ಕಲಿತದ್ದೆಲ್ಲ ಮರೆತ. ಎಪ್ಪತ್ತು ಸಾವಿರ ಜನರ ಗದ್ದಲಕ್ಕೆ ಅವನ ಕಾಲುಗಳು ಹೆದರಿ ಹಳೆಯ ಮನೆಯ ದಾರಿ ಹಿಡಿದವು. ಹೊರಗೆ, ಅಂಚಿಗೆ. ಟೆಕ್ಸಸ್‌ನ ಲೈನ್‌ಬ್ಯಾಕರ್, ಕುಳ್ಳಗೆ ಗಟ್ಟಿಯಾಗಿದ್ದ ಐವತ್ತೊಂದನೇ ನಂಬರಿನವನು, ಇವನು ಅಲ್ಲಿಗೇ ಬರುತ್ತಾನೆಂದು ಮೊದಲೇ ಹೇಳಿ ಕಳಿಸಿದ್ದಂತೆ ಬಂದು ನಿಂತಿದ್ದ. ಧಡ್! ನಾಲ್ಕು ಗಜ ನಷ್ಟ.

ಅದೇ ಹೊತ್ತಿಗೆ ಆರ್ಡೆಲ್ ಜನ ಏದುಸಿರು ಬಿಡುತ್ತ ತಮ್ಮ ಸಾಲಿಗೆ ಬಂದಿದ್ದರು. ಲಿಡಿಯಾಳ ಕೂಗು ಕೆಳಗಿನ ಬೆಂಚಿನವರೆಗೂ ಕೇಳಿಸಿತು. "ಎಮೆಟ್ ಆಡ್ತಿದಾನೆ! ರಾಯ್ಸ್, ಎಮೆಟ್ ಬಿದ್ದಿದಾನೆ! ಆಡ್ತಿದಾನೆ!"

ಆ ಸರದಿ ಅಲ್ಲಿಗೇ ಮುಗಿದು ಎಮೆಟ್ ತಲೆತಗ್ಗಿಸಿ ಹೊರಗೆ ಬಂದ. ಪ್ರೆಸ್ಟನ್ ಊರುಗೋಲು ಹಾಕಿಕೊಂಡು ಕುಂಟುತ್ತ ಹತ್ತಿರ ಬಂದ. ಗದರುತ್ತಾನೆಂದುಕೊಂಡರೆ, ಬಗ್ಗಿ ಕಿವಿಯಲ್ಲಿ ಹೇಳಿದ: "ಆ ಐವತ್ತೊಂದು ನಿನ್ನ ಕಣ್ಣು ನೋಡ್ತಿದಾನೆ. ಕಣ್ಣು ಹೊರಗಿಡು, ಕಾಲು ಒಳಗಿಡು. ತಾವುಫಾನ ಬೆನ್ನು ಬಿಡಬೇಡ."

ಮುಂದಿನ ಸಲ ಎಮೆಟ್ ಅಂಚಿನ ಕಡೆ ದಿಟ್ಟಿಸಿದ. ಐವತ್ತೊಂದು ಅತ್ತ ಎರಡು ಹೆಜ್ಜೆ ಹಾಕಿತು. ತಾನೂ ಶಾಲೆಯಲ್ಲಿ ಅದೇ ಜಾಗದಲ್ಲಿ ನಿಂತು ಓಟಗಾರರ ಕಣ್ಣು ನೋಡಿದವನಲ್ಲವೇ? ಎರಡು ಹೆಜ್ಜೆ ತಪ್ಪು ಹಾಕಿದವನು ಹಿಂದೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಎಮೆಟ್‌ನ ಮೈಗೇ ಗೊತ್ತಿತ್ತು. ಸಿಯೋನೆ ಒಬ್ಬನನ್ನು ಎದೆಗೊತ್ತಿ ಎಡಕ್ಕೆ ತಳ್ಳಿದ. ಎಮೆಟ್ ಕಾದ. ಇನ್ನೂ ಕಾದ. ಬಾಗಿಲು ತೆರೆಯಿತು.

ಹನ್ನೆರಡು ಗಜ! ಎದ್ದವನಿಗೆ ಕಿವಿಯಲ್ಲಿ ಕೇಳಿಸಿದ್ದು ಒಂದೇ, ಸಿಯೋನೆಯ ನಗು. "ಊಟ ಸಿಕ್ತಾ?" ಎಂದು ಕೂಗುತ್ತಿದ್ದ.

ಅಲ್ಲಿಂದ ಆಟದ ಗಾಳಿ ತಿರುಗಿತು. ಐದು ಗಜ, ಮೂರು, ಒಂಬತ್ತು. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ದಾಟಿದರೆ ಚೆಂಡು ತಮ್ಮಲ್ಲೇ ಉಳಿಯುತ್ತದೆ. ಹಾಗೆ ಉಳಿಸಿಕೊಂಡು ಉಳಿಸಿಕೊಂಡು ಎದುರಾಳಿಗಳ ಗೆರೆಯ ಹತ್ತಿರ ಬಂದರು. ಕೊನೆಯಲ್ಲಿ ಒಬ್ಬನು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ತಂದ. ಇಪ್ಪತ್ತೊಂದು, ಇಪ್ಪತ್ತು. ಪ್ರೇರಿ ಸ್ಟೇಟ್‌ಗೆ ಒಂದೇ ಅಂಕದ ಮುನ್ನಡೆ.

ಕೊನೆಯ ಕ್ವಾರ್ಟರ್ ಶುರುವಾಗಿತ್ತು. ಚೆಂಡು ಟೆಕ್ಸಸ್‌ನವರ ಕೈಯಲ್ಲಿ. ಎಮೆಟ್ ಬೆಂಚಿನ ಪಕ್ಕದಲ್ಲಿ ನಿಂತೇ ಇದ್ದ.

"ಕೂತ್ಕೊಳೋ" ಎಂದರು ಟೀಗ್. "ಕಾಲಲ್ಲಿ ಏನಾದ್ರೂ ಉಳಿದಿದ್ಯಾ? ನಿಜ ಹೇಳು."

"ಸುಸ್ತಾಗೋಕೆ ಏನ್ ಮಾಡಿದೀನಿ ಕೋಚ್? ನಮ್ಮೂರಲ್ಲಾಗಿದ್ರೆ ಈಗ ಅವ್ರನ್ನ ಕೆಡವೋಕೂ ನಾನೇ ಹೋಗ್ಬೇಕಿತ್ತು. ಇಲ್ಲಿ ಅವ್ರ ಸರದಿ ಬಂದ್ರೆ ಕುರ್ಚಿ ಕೊಡ್ತೀರಿ, ನೀರ್ ಕೊಡ್ತೀರಿ, ಫ್ಯಾನ್ ಬೇರೆ ಹಾಕ್ತೀರಿ."

ಟೀಗ್ ಅವನ ಮುಖವನ್ನೇ ನೋಡಿದರು. ಎರಡು ವರ್ಷದಿಂದ ಹೊತ್ತು ತಿರುಗುತ್ತಿದ್ದ ಅನುಮಾನವೊಂದು ಇಷ್ಟು ಸುಲಭದ್ದಾಗಿತ್ತೇ ಎನ್ನುವಂತೆ ಹಣೆ ಒರೆಸಿಕೊಂಡರು.

ಟೆಕ್ಸಸ್‌ನವರು ಮೈದಾನದ ಅರ್ಧಕ್ಕೆ ಬಂದು ಸಿಕ್ಕಿಬಿದ್ದರು. ಮತ್ತೆ ಚೆಂಡು ಪ್ರೇರಿ ಸ್ಟೇಟ್‌ಗೆ. ಈಗ ಕೆಲಸ ಅಂಕ ಗಳಿಸುವುದಲ್ಲ, ಗಡಿಯಾರ ಮುಗಿಯುವವರೆಗೂ ಚೆಂಡನ್ನು ಬಿಡದಿರುವುದು. ಎಲ್ಲರಿಗೂ ಗೊತ್ತಿತ್ತು, ಇನ್ನು ಓಡುವುದು ಆ ಹೊಸ ಹುಡುಗನೇ ಎಂದು. ಗೊತ್ತಿದ್ದೂ ಹಿಡಿಯಲಾಗಲಿಲ್ಲ. ಎದುರಿನ ದೈತ್ಯರು ಸೊಂಟದ ಮೇಲೆ ಕೈಯಿಟ್ಟು ಉಸಿರು ಎಳೆಯುತ್ತಿದ್ದರು. ಎಮೆಟ್ ಬಿದ್ದಲ್ಲಿಂದ ಚೆಂಡಿನಂತೆಯೇ ಪುಟಿದೇಳುತ್ತಿದ್ದ. ಅವರು ಆಟ ನಿಲ್ಲಿಸಿ ಗಡಿಯಾರ ತಡೆಯುವ ಅವಕಾಶಗಳೆಲ್ಲ ಮುಗಿದುಹೋದವು. ಇನ್ನೊಮ್ಮೆ ಹತ್ತು ಗಜದ ಗುರುತು ದಾಟಿದರೆ ಪಂದ್ಯ ಮುಗಿದ ಹಾಗೆ.

ಟೀಗ್ ಅವನ ಅಂಗಿಯ ಕೊರಳು ಹಿಡಿದು ಹತ್ತಿರ ಎಳೆದುಕೊಂಡರು. "ಕೇಳು. ಗುರುತು ದಾಟು, ಆಮೇಲೆ ಮೈದಾನದೊಳಗೇ ಬೀಳು. ಗೆರೆ ದಾಟಿ ಅಂಕ ಮಾಡಿದ್ಯೋ, ಚೆಂಡು ಅವರ ಕೈಗೆ ಹೋಗುತ್ತೆ, ಇನ್ನೊಂದು ಉಸಿರು ಸಿಗುತ್ತೆ. ಬಿದ್ದರೆ ಏನೂ ಸಿಗಲ್ಲ. ಅರ್ಥ ಆಯ್ತಾ? ಅಂಕ ಮಾಡಬೇಡ."

"ಮಾಡಬೇಡ" ಎಂದ ಎಮೆಟ್. ಅಂಕ ಮಾಡಬೇಡವೆಂದು ಅವನಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ.

ಚೆಂಡು ಬಂತು. ಸಿಯೋನೆ ಮುಂದೆ ಹೋದ. ಐವತ್ತೊಂದು ಈ ಸಲ ಕಣ್ಣಿಗೆ ಮೋಸ ಹೋಗದೆ ಒಳಗೇ ನಿಂತಿತ್ತು. ಸರಿ, ಹಾಗಿದ್ದರೆ ಅಂಚು ಖಾಲಿ! ಎಮೆಟ್ ಒಂದು ಹೆಜ್ಜೆ ಒಳಗಿಟ್ಟು, ಅದೇ ಹೆಜ್ಜೆಯಲ್ಲಿ ಹೊರಗೆ ಜಿಗಿದ. ಗುರುತು ದಾಟಿತು. ಮುಂದೆ ಯಾರೂ ಇಲ್ಲ. ಆರ್ಡೆಲ್‌ನ ಮೈದಾನದಂತೆ, ಬರೀ ಹುಲ್ಲು, ಆಚೆ ಬಿಳಿಯ ಗೆರೆ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಹಿಂದೆ ಒಬ್ಬನೇ ಒಬ್ಬನ ಹೆಜ್ಜೆ ಸದ್ದು, ಅದೂ ದೂರದಲ್ಲಿ. ಎಡಗಡೆಯ ಮೆಟ್ಟಿಲುಗಳಲ್ಲಿ ಅಜ್ಜಿ, ಅಪ್ಪ, ಮೇಷ್ಟ್ರು, ಗೇಲನ್ ಸಹಿತ ಇಡೀ ಊರು ಕುಣಿಯುತ್ತಿರುವುದು ಓರೆಗಣ್ಣಿಗೆ ಕಂಡಿತು. ಐದು ಗಜ. ನಾಲ್ಕು. ಗೆರೆಯ ಸುಣ್ಣದ ಕಣಗಳೂ ಕಾಣುತ್ತಿದ್ದವು. ಕಾಲುಗಳು ಹೋಗೋಣ, ಹೋಗೋಣ ಎನ್ನುತ್ತಿದ್ದವು.

ಎಮೆಟ್ ನಿಂತ. ಮಂಡಿಯೂರಿದ. ಚೆಂಡನ್ನು ಎದೆಗವುಚಿಕೊಂಡು ಹುಲ್ಲಿನ ಮೇಲೆ ಮಗುವಿನಂತೆ ಮುದುಡಿ ಮಲಗಿಬಿಟ್ಟ.

ಅಷ್ಟು ಗದ್ದಲದ ನಡುವೆಯೂ ಲಿಡಿಯಾಳ ದನಿ ಸ್ಪಷ್ಟವಾಗಿ ಕೇಳಿಸಿತು: "ಎದ್ದೇಳೋ! ಇನ್ನೊಂದ್ ಹೆಜ್ಜೆ ಕಣೋ, ಎದ್ದೇಳೋ!"

ಹಿಂದಿನಿಂದ ಓಡಿಬಂದ ಐವತ್ತೊಂದು ಅವನ ಹೆಗಲನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲೇ ಕುಸಿದು ಕೂತಿತು. "ಥೂ ನಿನ್ನ" ಎಂದಿತು ಏದುಸಿರಿನಲ್ಲಿ. "ಅಂಕ ಮಾಡ್ತೀಯ ಅಂದ್ಕೊಂಡಿದ್ದೆ. ಮಾಡಬಾರದಿತ್ತಾ?"

ಎಮೆಟ್‌ಗೆ ನಗು ತಡೆಯಲಾಗಲಿಲ್ಲ. ಮಲಗಿದಲ್ಲೇ ಹೊಟ್ಟೆ ಹಿಡಿದು ನಕ್ಕ. ಗಡಿಯಾರ ಓಡುತ್ತಿತ್ತು. ಆಮೇಲೆ ಸಿಯೋನೆ ಬಂದು ಅವನನ್ನು ಚೀಲದಂತೆ ಹೆಗಲಿಗೆಸೆದುಕೊಂಡ. ಹಿಂದೆ ಇಡೀ ತಂಡ "ಅಂಬಾ" ಎಂದು ಕೂಗುತ್ತ ಓಡಿಬಂತು. ಊರುಗೋಲು ಬೀಸುತ್ತ ಪ್ರೆಸ್ಟನ್ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

*

ಪಂದ್ಯ ಮುಗಿದ ಮೇಲೆ ಹಳದಿ ಬಸ್ಸಿನ ಸುತ್ತ ಜಾತ್ರೆ ನೆರೆಯಿತು. ಸಂಜೆಯ ಬಿಸಿಲು ಇನ್ನೂ ಇತ್ತು. ಎಮೆಟ್ ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಟೀಗ್ ಅಲ್ಲಿ ನಿಂತು ಲಿಡಿಯಾಳಿಂದ ಬೈಸಿಕೊಳ್ಳುತ್ತಿದ್ದರು.

"ಅಲ್ಲಪ್ಪಾ, ಅಷ್ಟ್ ಚೆನ್ನಾಗಿ ಓಡೋ ಹುಡುಗನ್ನ ಗೆರೆ ಮುಂದೆ ಬೀಳು ಅಂತೀಯಲ್ಲ, ನಿಂಗೇನಾದ್ರೂ ಬುದ್ಧಿ ಇದ್ಯಾ?"

"ಅಮ್ಮಾ, ಹಾಗೆ ಬಿದ್ದಿದ್ದಕ್ಕೇ ಗೆದ್ವಿ."

"ದಾಟಿದ್ರೂ ಗೆಲ್ತಿದ್ವಿ."

"ಬಹುಶಃ."

"ಬಹುಶಃ ಅಂತಾನೆ ನೋಡು!" ಎನ್ನುತ್ತಲೇ ಅವರ ಕೈಗೆ ಇನ್ನೊಂದು ಕೊಲಾಚಿ ಇಟ್ಟಳು.

ಟೀಗ್ ಎಮೆಟ್ ಕಡೆ ತಿರುಗಿದರು. "ಸೋಮವಾರದಿಂದ ಪ್ರೆಸ್ಟನ್ ಜಾಗದಲ್ಲಿ ನೀನು, ಅವನ ಕಾಲು ವಾಸಿಯಾದ ಮೇಲೆ ಇಬ್ಬರೂ ಓಡ್ತೀರಿ. ವಿದ್ಯಾರ್ಥಿವೇತನದ ವಿಷಯ ನಾನೇ ಮಾತಾಡ್ತೀನಿ." ಮುಂದೆ ಹಾಗೆಯೇ ಆಯಿತು. ಇನ್ನುಳಿದ ಎರಡು ವರ್ಷ ಎಮೆಟ್ ಮತ್ತು ಪ್ರೆಸ್ಟನ್ ಸರದಿಯಲ್ಲಿ ಓಡಿದರು. ಎಮೆಟ್ ಎಷ್ಟೋ ಸಲ ಗೆರೆ ದಾಟಿದ, ಎಷ್ಟೋ ಸಲ ಬಿದ್ದ. ದೇಶದಲ್ಲೇ ದೊಡ್ಡ ಹೆಸರೇನೂ ಮಾಡಲಿಲ್ಲ. ಟೀಗ್ ಮಾತ್ರ ವರ್ಷಕ್ಕೊಮ್ಮೆ ದಿಬ್ಬಗಳ ಕಡೆ ಗಾಡಿ ತಿರುಗಿಸತೊಡಗಿದರು. ವಿರಾಮದಲ್ಲಿ ಕಾಫಿಗೆ ಹೋಗುವುದನ್ನು ನಿಲ್ಲಿಸಿದ್ದರು.

ಅದಿರಲಿ. ಆ ಸಂಜೆ ಬಸ್ಸಿನ ಪಕ್ಕ ಗೇಲನ್ ತನ್ನ ಟೋಪಿ ತೆಗೆದು ರಾಯ್ಸ್‌ನ ಎದುರು ನಿಂತಿದ್ದ. ರಾಯ್ಸ್ ಅವನ ಬೆನ್ನು ತಟ್ಟಿ, "ಅವ್ರಲ್ಲಿ ಯಾರೂ ಕನ್ನಡಕ ಹಾಕಿರ್ಲಿಲ್ಲ ಕಣೋ" ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆಗ ಟೆಕ್ಸಸ್ ತಂಡದ ಬಸ್ಸಿನ ಕಡೆಯಿಂದ ಒಬ್ಬ ಕುಳ್ಳ, ಗಟ್ಟಿ ಹುಡುಗ ಒದ್ದೆ ಕೂದಲಿನಲ್ಲಿ ಬಂದು ಹಳದಿ ಬಸ್ಸಿನ ಮೇಲೆ ಬರೆದಿದ್ದ ಶಾಲೆಯ ಹೆಸರನ್ನು ಓದುತ್ತ ನಿಂತ. ಎಮೆಟ್‌ಗೆ ಗುರುತು ಸಿಕ್ಕಿತು. ಐವತ್ತೊಂದು.

"ನಾನು ರೂಬೆನ್ ಓಲ್ಗಿನ್" ಎಂದ. "ನೀನು ಆರು ಜನರ ಶಾಲೆಯವನಲ್ವಾ?"

"ನಿಂಗೆ ಹೇಗ್ ಗೊತ್ತು?"

"ಮೊದಲ ಓಟದಲ್ಲೇ ಗೊತ್ತಾಯ್ತು. ಚೆಂಡು ಕೈಗೆ ಬಿದ್ದಿದ್ದೇ ತಡ, ಅಂಚಿಗೆ ಕಿತ್ತೆ. ಹಾಗೆ ಓಡೋರು ನಮ್ಮೋರು ಮಾತ್ರ." ಅವನ ಮುಖ ಅರಳಿತು. "ನಂದೂ ಆರೇ ಜನರ ಶಾಲೆ ಕಣೋ. ಪಶ್ಚಿಮ ಟೆಕ್ಸಸ್, ಎಣ್ಣೆ ಬಾವಿಗಳ ಕಡೆ. ನಂಗೂ ಅಷ್ಟೇ, ನೀನು ಯಾರ್ ಮೇಲೆ ಆಡಿದೀಯ, ಯಾರ್ ಮೇಲೆ ಆಡಿದೀಯ ಅಂತ ಜೀವ ತಿಂದ್ರು."

ಎಮೆಟ್ ಅವನನ್ನೇ ನೋಡಿದ. ಮಧ್ಯಾಹ್ನವೆಲ್ಲ ತನ್ನ ಪಕ್ಕೆಲುಬು ಎಣಿಸಿದವನು ಇವನು! ತಬ್ಬಿಕೊಳ್ಳಬೇಕೆನ್ನಿಸಿತು, ಆದರೆ ಪಕ್ಕೆ ನೋಯುತ್ತಿತ್ತು.

"ಅಜ್ಜೀ, ಇವನಿಗೂ ಒಂದು ಕೊಡಿ."

ಲಿಡಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ಮೊಮ್ಮಗನ್ನ ನಾಲ್ಕು ಗಜ ಹಿಂದಕ್ಕೆ ಎಸೆದೋನು ನೀನೇ ತಾನೇ?"

"ಹೌದಜ್ಜಿ. ಕ್ಷಮಿಸಿ."

"ಕ್ಷಮಿಸೋದೇನು, ತಗೋ. ಒಂದ್ ಸಾಲಲ್ಲ, ಎರಡ್ ತಗೋ. ನಿಮ್ಮ ಕಡೆ ಇದು ಸಿಗುತ್ತಾ?"

"ಸಿಗುತ್ತಜ್ಜಿ, ಆದ್ರೆ ನಮ್ಮಲ್ಲಿ ಒಳಗೆ ಖಾರದ ಸಾಸೇಜ್ ಇಡ್ತಾರೆ."

"ಕೊಲಾಚಿಯೊಳಗೆ ಸಾಸೇಜಾ?" ಲಿಡಿಯಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಾಗೆಮನ್ ಮೇಷ್ಟ್ರು ಚರಿತ್ರೆಯ ದನಿಯಲ್ಲಿ, ಆರು ಜನರ ಆಟ ಹುಟ್ಟಿದ್ದೇ ನೆಬ್ರಾಸ್ಕಾದಲ್ಲಿ ಎಂದು ಶುರುಮಾಡಿದರು. ಹುಟ್ಟಿದ್ದು ಎಲ್ಲಾದರೇನು, ಅದನ್ನು ಆಡಲು ಕಲಿತದ್ದು ಟೆಕ್ಸಸ್‌ನಲ್ಲಿ ಎಂದು ರೂಬೆನ್ ಬಾಯಿ ತುಂಬ ಗಸಗಸೆ ಇಟ್ಟುಕೊಂಡೇ ವಾದಕ್ಕಿಳಿದ. ಸಿಯೋನೆ ಯಾರ ಪರವೂ ವಹಿಸದೆ ತಟ್ಟೆಯ ಪಕ್ಕದಲ್ಲಿ ನಿಂತು ಒಂದೊಂದೇ ಖಾಲಿಮಾಡುತ್ತಿದ್ದ. ಟೆಕ್ಸಸ್ ಬಸ್ಸಿನ ಚಾಲಕ ಎರಡು ಸಲ ಹಾರ್ನ್ ಹೊಡೆದ.

"ಒಂದ್ನಿಮಿಷ!" ಎಂದು ರೂಬೆನ್ ತಿರುಗಿ ಕೂಗಿ, ಮೇಷ್ಟ್ರ ತೋಳು ಹಿಡಿದುಕೊಂಡ. "ಅಲ್ಲ ಸರ್, ನೀವೇ ಹೇಳಿ…"